ಬಾಯಿಬದಲಿ

ಭೀಮಣ್ಣ ಆ ಶನಿವಾರ ಶಾಲೆಗೆ ಹೊರಟದ್ದು ಮಗಳನ್ನು ಬಿಡಿಸಿಕೊಂಡು ಬರಲಿಕ್ಕೆ. ಪೂರ್ತಿ ಬಿಡಿಸುವುದಲ್ಲ, ಎರಡು ತಿಂಗಳ ಮಟ್ಟಿಗೆ, ಅದೂ ಈ ಒಂದು ವರ್ಷ. ಹಾಗಂತ ಹೆಂಡತಿ ಚನ್ನವೀರಮ್ಮನಿಗೆ ಮೂರು ಸಲ ಹೇಳಿದ, ನಾಲ್ಕನೆಯ ಸಲ ತನಗೆ ತಾನೇ ಹೇಳಿಕೊಂಡ. ಹೆಡ್‌ಮಾಸ್ಟರು ಏನಾದರೂ ಅಂದರೆ ತಿರುಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಎತ್ತುಗಳ ಜೊತೆ ಗಂಟೆಗಟ್ಟಲೆ ಹರಟುವ ಈ ಮನುಷ್ಯನಿಗೆ ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತದ್ದು ಕಂಡರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ಗದ್ವಾಲದಲ್ಲಿ ಕಚೇರಿಯೊಂದಕ್ಕೆ ಪಾಸ್‌ಬುಕ್ಕಿನಲ್ಲಿ ಹೆಸರು ತಿದ್ದಿಸಲು ಹೋದವನು, ಗುಮಾಸ್ತ ತಲೆ ಎತ್ತಿ ‘ಏಮಿ?’ ಅಂದ ಕೂಡಲೇ ‘ಏನಿಲ್ರಿ’ ಅಂದು ಬಂದ ಬಸ್ಸಿಗೇ ವಾಪಸಾಗಿದ್ದ. ಊರಿನವರು ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಊರು ಗದ್ವಾಲ ಜಿಲ್ಲೆಯ ಕೆ.ಟಿ. ದೊಡ್ಡಿ ಮಂಡಲದ್ದು. ಒಂದಿಷ್ಟು ದೂರ ನಡೆದು ಗಡಿ ದಾಟಿದರೆ ರಾಯಚೂರು ಜಿಲ್ಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಈ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಸೀಡ್ ಹತ್ತಿಯ ಕಾಲ. ಇದು ಬಟ್ಟೆಗೆ ಹೋಗುವ ಹತ್ತಿಯಲ್ಲ, ಬೀಜಕ್ಕೆಂದೇ ಬೆಳೆಯುವ ಹತ್ತಿ. ನಾಳೆ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳು ಕೇಸರ ಎಲ್ಲ ಸುಲಿದು, ನಡುವಿನ ಎಳೆಯ ಕಡ್ಡಿಯೊಂದನ್ನು ಮಾತ್ರ ಉಳಿಸಬೇಕು. ಮರುದಿನ ಮುಂಜಾನೆ ಗಂಡು ಗಿಡದ ಹೂ ತಂದು ಆ ಕಡ್ಡಿಗೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ತಡವಾಯಿತೋ, ಆ ಹೂ ದಂಡ. ದೊಡ್ಡವರು ಬಗ್ಗಿ ಬಗ್ಗಿ ಸಾಯಬೇಕು, ಮಕ್ಕಳಿಗಾದರೆ ಗಿಡ ನೆಟ್ಟಗೆ ಕೈಗೇ ಸಿಗುತ್ತದೆ. ಹೀಗಾಗಿ ದೀಪಾವಳಿಯವರೆಗೆ ಶಾಲೆಯ ಅರ್ಧ ಬೆಂಚು ಖಾಲಿ ಹೊಡೆಯುತ್ತವೆ. ಇದು ತಪ್ಪೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದವರೇ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾರೆ.

ಭೀಮಣ್ಣನದು ಒಂದೆಕರೆ ಸೀಡ್ ಹತ್ತಿ. ದೊಡ್ಡ ಮಗಳು ತ್ರಿವೇಣಿಯನ್ನು ಮಖ್ತಲ್‌ಗೆ ಕೊಟ್ಟಾಗಿತ್ತು. ಚನ್ನವೀರಮ್ಮನಿಗೆ ಸೊಂಟ ಹಿಡಿದು ಬಗ್ಗಲು ಆಗುತ್ತಿರಲಿಲ್ಲ. ಮನೆಯಲ್ಲಿ ಉಳಿದ ಎಳೆ ಬೆರಳೆಂದರೆ ಎಂಟನೆಯ ತರಗತಿಯ ಉಮಾಶ್ರೀಯವು.

ಆದರೆ ಅವನಿಗೆ ನಿಜವಾದ ಅಳುಕು ಹೆಡ್‌ಮಾಸ್ಟರರದ್ದಲ್ಲ, ರಜಿತಾ ಟೀಚರ್‌ದು. ಮಖ್ತಲ್ ಕಡೆಯ ಹೆಣ್ಣುಮಗಳು, ಹೋದ ವರ್ಷ ಈ ಊರಿಗೆ ಬಂದವಳು. ಬಂದವಳೇ ಶನಿವಾರದ ಕೊನೆಯ ಪಿರಿಯಡ್ಡಿಗೆ ಒಂದು ಹೊಸ ಆಟ ಹೂಡಿದ್ದಳು. ಅದರ ಹೆಸರು ಬಾಯಿಬದಲಿ. ತಕರಾರು ಇದ್ದ ಇಬ್ಬರು ಎದುರುಬದುರು ಕೂಡಬೇಕು. ಮೊದಲು ಎದುರಿನವನ ಮಾತನ್ನು ನೀನು ಹೇಳಬೇಕು, ಅದೂ ಅವನ ಬಾಯಿಯಿಂದ ಬಂದಂತೆ, ‘ನಾನು’ ಅಂತಲೇ. ಅವನ ಗಂಟಲಲ್ಲಿ ಸಿಕ್ಕಿಕೊಂಡ ಮಾತು ನಿನಗೆ ಗೊತ್ತಿದ್ದರೆ ಅದನ್ನೂ ಹೇಳಬೇಕು. ಅವನು ‘ಹೌದು, ಇದೇ ನನ್ನ ಮಾತು’ ಅನ್ನುವತನಕ ಬಿಡುಗಡೆಯಿಲ್ಲ. ಆಮೇಲಷ್ಟೆ ನಿನ್ನ ಮಾತು. ಅವಳ ಅಜ್ಜ ಪಂಚಾಯ್ತಿ ಕಟ್ಟೆಯ ಮೇಲೆ ಹೀಗೇ ನ್ಯಾಯ ಮಾಡುತ್ತಿದ್ದನಂತೆ. ಅರ್ಧ ತಕರಾರು ನಡುದಾರಿಯಲ್ಲೇ ಕರಗುತ್ತಿದ್ದವಂತೆ.

ಹೇಳಬೇಕಾದದ್ದನ್ನು ಹೇಳಿಬಿಡಬೇಕು, ಅದರಿಂದ ಊರಿಗೆ ಒಳ್ಳೆಯದೇ ಆಗಿತ್ತು. ಬಸ್ಸು ಶಾಲೆಯ ಮುಂದೆ ನಿಲ್ಲುತ್ತಿರಲಿಲ್ಲ. ದೊಡ್ಡವರು ವರ್ಷಗಟ್ಟಲೆ ಅದರ ಹಿಂದೆ ಓಡಿ ಬೈದರು, ಡ್ರೈವರ್ ಇನ್ನಷ್ಟು ಜೋರಾಗಿ ಓಡಿಸಿದ. ಕೊನೆಗೆ ಶಿರಿಷಾ ಎಂಬ ಏಳನೆಯ ತರಗತಿಯ ಪೋರಿ ಮೂವರನ್ನು ಕಟ್ಟಿಕೊಂಡು ಅವನ ಮುಂದೆ ನಿಂತಳು. “ನಾನು ಡ್ರೈವರ್. ಕಂಡ ಕಂಡ ಗಿಡಕ್ಕೆಲ್ಲ ನಿಂತ್ರ ಗದ್ವಾಲಕ್ಕ ತಡ ಆಗ್ತೈತಿ. ತಡ ಆದ್ರ ನನ್ನ ಬೈತಾರ. ಚಾ ಕುಡಿಯಾಕೂ ಟೈಮ್ ಸಿಗಂಗಿಲ್ಲ. ಹೌದೇನ್ರಿ?” ಅಂದಳು. ಡ್ರೈವರ್ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟ. ಚಾ ವಿಷಯ ಇವರಿಗೆ ಹೇಳಿದವರಾರು! ಅವತ್ತಿನಿಂದ ಬಸ್ಸು ಶಾಲೆಯ ಮುಂದೆ ನಿಲ್ಲುತ್ತದೆ.

ಭೀಮಣ್ಣನ ಮನೆಯಲ್ಲಿ ಮಾತ್ರ ಇದರ ಕಾಟ ಬೇರೆ ಥರದ್ದು. ಮೊದಲು ಹಾಜರಿ ಕೂಗಿದರೂ ಬಾಯಿ ತೆರೆಯದ ಉಮಾಶ್ರೀ ಈಗ ಅಪ್ಪ ಹೊಲದಿಂದ ಬಂದು ಚಪ್ಪಲಿ ಒಗೆದರೆ ಸಾಕು, ಎದುರು ನಿಂತು, “ಅಂದ್ರ ನಿನಗ ಹಸಿವಾಗೈತಿ, ಕೇಳಾಕ ಮನಸ್ಸಿಲ್ಲ. ಹೌದಿಲ್ಲಪ್ಪ?” ಅನ್ನುತ್ತಿದ್ದಳು. ಹೌದು ಅಂದರೆ ಸೋತಂತೆ, ಇಲ್ಲ ಅಂದರೆ ಹಸಿವು. ಭೀಮಣ್ಣನ ಕಿವಿ ಕೆಂಪಾಗುತ್ತಿತ್ತು. “ಸಾಲಿಯೊಳಗ ಎದುರುವಾದ ಕಲಸಾಕತ್ತ್ಯಾಳ ಆ ಟೀಚರಮ್ಮ,” ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ. ಚನ್ನವೀರಮ್ಮ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು, ನಗುತ್ತಿದ್ದುದು ಅವನಿಗೆ ಕಾಣದಂತೆ.

ಶಾಲೆಯ ಜಗಲಿಯ ಮೇಲೆ ಆಗಲೇ ನಲವತ್ತು ಜನ ಸೇರಿದ್ದರು. ತಿಂಗಳಿಗೊಂದು ಶನಿವಾರ ತಂದೆತಾಯಿಯರ ಮೀಟಿಂಗ್. ಮಕ್ಕಳು ಒಂದು ಕಡೆ ನೆಲದ ಮೇಲೆ, ದೊಡ್ಡವರು ಇನ್ನೊಂದು ಕಡೆ ಜಮಖಾನದ ಮೇಲೆ. ಪಕ್ಕದ ಹೊಲದ ಕಾಳಪ್ಪ ಸರಿದು ಜಾಗ ಕೊಟ್ಟ. ಹೆಡ್‌ಮಾಸ್ಟರ್ ಶ್ರೀನಿವಾಸುಲು ಒಂದು ಕಾಗದ ಹಿಡಿದು ತೆಲುಗಿನಲ್ಲಿ ಶುರುಮಾಡಿದರು: ಮಕ್ಕಳನ್ನು ಹೊಲಕ್ಕೆ ಕಳಿಸುವುದು ಅಪರಾಧ, ಹಾಜರಿ ಇಷ್ಟಕ್ಕಿಂತ ಕಡಿಮೆಯಾದರೆ ಹೀಗೆ, ಮೇಲಿನವರು ಕೇಳಿದರೆ ಹಾಗೆ. ಎಲ್ಲರೂ ತಲೆಯಾಡಿಸಿದರು. ಪ್ರತಿ ವರ್ಷವೂ ಆಡಿಸುತ್ತಾರೆ.

ಕಾಗದ ಮುಗಿದಾಗ ಭೀಮಣ್ಣ ಎದ್ದ. ಎದ್ದದ್ದೇ ತಪ್ಪಾಯಿತು. ನಲವತ್ತು ಮುಖಗಳು ಅವನ ಕಡೆ ತಿರುಗಿದವು.

“ಸಾರ್... ನಮ್ಮ ಹುಡುಗಿ... ಎರಡು ತಿಂಗಳು... ಅಂದ್ರ ಹೂವು...” ಅಂದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಇಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ. ಹಿಂದಿನಿಂದ ಯಾರೋ ಮೆಲ್ಲಗೆ ‘ಏನಿಲ್ರಿ’ ಅಂದರು. ಜಗಲಿ ಗೊಳ್ಳೆಂದಿತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಜಿತಾ ಟೀಚರ್ ನಗಲಿಲ್ಲ. “ಭೀಮಣ್ಣನವರ, ನಿಮ್ಮ ಮಾತು ನಿಮ್ಮ ಪರವಾಗಿ ಬ್ಯಾರೆಯವರು ಹೇಳಿದ್ರ ನಡೀತೈತೇನ್ರಿ? ತಪ್ಪಿದ್ರ ಅಲ್ಲೇ ತಡೀರಿ,” ಎಂದಳು.

ಕಾಳಪ್ಪ ಹೇಳುತ್ತಾನೇನೋ ಎಂದುಕೊಂಡು ಭೀಮಣ್ಣ ತಲೆಯಾಡಿಸಿದ. ಎದ್ದವಳು ಉಮಾಶ್ರೀ.

ಸಭೆಯಲ್ಲಿ ಮಾನ ತೆಗೆಯುತ್ತಾಳೆ, ಇದಕ್ಕೇ ಇವಳೂ ಟೀಚರೂ ಕಾದಿದ್ದರು ಅಂದುಕೊಂಡ ಭೀಮಣ್ಣ. ಹುಡುಗಿ ಲಂಗ ಕೊಡವಿಕೊಂಡು ಮುಂದೆ ಬಂದು, ಅವನನ್ನೇ ನೋಡುತ್ತ ನಿಂತಳು.

“ನಾನು ಭೀಮಣ್ಣ,” ಅಂದಳು.

ಎರಡು ಹುಡುಗರು ಕಿಸಕ್ಕೆಂದರು. ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ನಂದು ಒಂದೆಕರೆ ಸೀಡ್ ಐತಿ. ಹೂವಿಗೆ ಐತವಾರ ಇಲ್ಲ, ಹಬ್ಬ ಇಲ್ಲ. ಇವತ್ತಿನ ಮೊಗ್ಗಿ ಇವತ್ತ ಸುಲೀಬೇಕು. ನನ್ನ ಕೈಬಟ್ಟು ದಪ್ಪ ಅದಾವ. ಹತ್ತು ಮೊಗ್ಗಿ ಹಿಡದ್ರ ನಾಕು ಮುರೀತೀನಿ. ಹೆಂಡತಿಗೆ ಸೊಂಟ ಬಗ್ಗಂಗಿಲ್ಲ. ಆಳು ಕರ್ಯಾಕ ಮೂರು ಓಣಿ ತಿರುಗಿ ಬಂದೀನಿ. ಎಲ್ಲಾರ ಹೊಲದಾಗೂ ಒಂದ ಸಲಕ್ಕ ಹೂ ಬಿಡ್ತಾವ, ನನ್ನ ಹೊಲಕ್ಕ ಯಾರು ಬರ್ತಾರ? ಬೀಜದ ಕಂಪನಿ ಕಡೆಯಿಂದ ಗದ್ವಾಲದ ಆರ್ಗನೈಸರ್ ಬಂದಾಗ ಸಾಲಿನ್ಯಾಗ ಅಡ್ಡಾಡಿ, ಸುಲೀಲಾರದ ಹೂವಿನ ಕಾಯಿ ಕಿತ್ತಿ ನನ್ನ ಕಾಲಾಗ ಒಗೀತಾನ. ನಾನು ಏನೂ ಅನ್ನಂಗಿಲ್ಲ. ಅನ್ನಾಕ ಬರಂಗಿಲ್ಲ ನನಗ.”

ಭೀಮಣ್ಣ ತಡೆಯಬೇಕಾದ ಒಂದು ಮಾತೂ ಇರಲಿಲ್ಲ. ಕಾಯಿ ಕಾಲಿಗೆ ಒಗೆದದ್ದನ್ನು ಅವನು ಮನೆಯಲ್ಲಿ ಹೇಳಿರಲೇ ಇಲ್ಲ. ಇವಳು ಎಲ್ಲಿ ನಿಂತು ನೋಡಿದಳೋ.

“ಇನ್ನೊಂದು ಮಾತು ಗಂಟಲಾಗ ಐತಿ,” ಉಮಾಶ್ರೀಯ ದನಿ ಸ್ವಲ್ಪ ಇಳಿಯಿತು. “ಮಗಳನ್ನ ಹೊಲಕ್ಕ ಕಳಸಾಕ ನನಗ ಖುಷಿ ಇಲ್ಲ. ಹ್ವಾದ ವರ್ಷ ದಸರಾ ಸೂಟಿಯೊಳಗ ಆಕಿ ಹೊಲಕ್ಕ ಹೊಂಟಾಗ ನಾನು ಎತ್ತಿನ ಕಡೆ ಮುಖ ಮಾಡಿ ನಿಂದ್ರತಿದ್ದೆ. ಎತ್ತಿಗೆ ಮೇವು ಹಾಕಿದ್ದಿಲ್ಲ, ಏನಿಲ್ಲ. ಸುಮ್ಮನ ನಿಂದ್ರತಿದ್ದೆ. ಹೌದೇನಪ್ಪ?”

ಭೀಮಣ್ಣನ ಕಣ್ಣು ಮಂಜಾದವು. ನಲವತ್ತೆರಡು ವರ್ಷದ ಬದುಕಿನಲ್ಲಿ ಅವನ ಕಷ್ಟವನ್ನು ಯಾರೂ ಹೀಗೆ ಪೂರ್ತಿ ಹೇಳಿರಲಿಲ್ಲ, ಅವನೇ ಹೇಳಿಕೊಂಡಿರಲಿಲ್ಲ. ಇಷ್ಟುದ್ದದ ಹುಡುಗಿ, ತಾನು ಎತ್ತಿಕೊಂಡು ತಿರುಗಿದ ಹುಡುಗಿ, ಇಷ್ಟು ಜನರ ಮುಂದೆ ಒಂದು ಅಕ್ಷರ ತಡವರಿಸದೆ ಹೇಳಿದಳಲ್ಲ! ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ಹೆಮ್ಮೆ ಬಂದು ಕೂತಿತ್ತು.

“ಹೌದು,” ಎಂದ. “ಇದ ನನ್ನ ಮಾತು.”

ಅಷ್ಟು ಸಾಕಾಯಿತು. ಜಮಖಾನದ ಮೇಲೆಲ್ಲ ಗುಜುಗುಜು ಎದ್ದಿತು. “ಖರೇ ಐತಿ ಪಾಪ, ಏನ್ ಮಾಡಬೇಕು ಆತ?” “ಒಂದು ವರ್ಷ ತಾನ, ಹೋಗ್ಲಿ ಬಿಡ್ರಿ.” ಹೆಡ್‌ಮಾಸ್ಟರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು. ಕಾಳಪ್ಪ ಭೀಮಣ್ಣನ ಪಕ್ಕೆಗೆ ತಿವಿದು, “ನಿನ್ನ ಮಗಳು ನಿನ್ನ ಕೇಸು ಗೆದ್ದು ಕೊಟ್ಳಲ್ಲಪಾ,” ಎಂದ.

ಗೆದ್ದದ್ದು ಹೌದು. ಅಪ್ಪನ ಮಾತನ್ನು ಅಪ್ಪನಿಗಿಂತ ಚೆನ್ನಾಗಿ ಹೇಳಿ ಹುಡುಗಿ ತನ್ನನ್ನು ತಾನೇ ಹೊಲಕ್ಕೆ ಕಳಿಸಿಕೊಂಡಿದ್ದಳು. ರಜಿತಾ ಟೀಚರ್ ಮುಖ ಸಣ್ಣದಾಗಿತ್ತು. ಬೇಕೆಂದಿದ್ದರೆ ಅವಳು ಆ ಹುಡುಗಿಯನ್ನು ನಡುವೆ ತಡೆಯಬಹುದಿತ್ತು, ಗಂಟಲಿನ ಮಾತು ಬೇಡ ಅನ್ನಬಹುದಿತ್ತು. ತಡೆದಿರಲಿಲ್ಲ. ಭೀಮಣ್ಣ ಅದನ್ನೂ ಗಮನಿಸಿದ. ಗಟ್ಟಿ ಹೆಣ್ಣು ಅಂದುಕೊಂಡ, ಮೊದಲ ಸಲ.

“ಆತ್ರಿ,” ಎಂದಳು ಟೀಚರ್. “ಈಗ ನಿಮ್ಮ ಪಾಳಿ. ಆಕಿ ಮಾತು ನೀವು ಹೇಳಬೇಕು.”

“ನಾನೇನ್ ಹೇಳ್ಲಿ ಮೇಡಮ್ಮ? ಆಕಿ ಏನೂ ಹೇಳೇ ಇಲ್ಲಲ್ಲ.”

“ನೀವು ಕೇಳೀರೇನು?”

ಭೀಮಣ್ಣ ಮಗಳ ಕಡೆ ನೋಡಿದ. ಕೇಳಿರಲಿಲ್ಲ. ಹೊಲಕ್ಕೆ ಬಾ ಎಂದಿದ್ದ, ಅವಳು ಹ್ಞೂಂ ಎಂದಿದ್ದಳು. ಅದು ಮುಗಿದ ಮಾತೆಂದು ಅವನು ತಿಳಿದಿದ್ದ.

“ನಿಂದೇನವ್ವ?” ಎಂದ. ದನಿ ತನ್ನದೇ ಅನ್ನಿಸಲಿಲ್ಲ.

ಅಪ್ಪನ ಮಾತನ್ನು ಅಷ್ಟು ಸಲೀಸಾಗಿ ಹೇಳಿದವಳು ತನ್ನ ಮಾತಿಗೆ ತಡವರಿಸಿದಳು. ಶಿರಿಷಾ ಕೂತಲ್ಲಿಂದಲೇ “ಹೇಳಕ್ಕ” ಅಂದಳು.

“ನಾನೂ ನಿನ್ನಂಗ ಇದ್ದೆಪ್ಪ,” ಉಮಾಶ್ರೀ ಶುರುಮಾಡಿದಳು. “ಹೆಸರು ಕೂಗಿದ್ರ ಕೈ ಎತ್ತತಿದ್ದೆ, ಬಾಯಿ ತೆರೀತಿದ್ದಿಲ್ಲ. ಒಂದು ವರ್ಷದಾಗ ಬಾಯಿ ಬಂದೈತಿ. ಎರಡು ತಿಂಗಳು ಹೂವಿನ ಜೋಡಿ ಇದ್ದು ಬಂದ್ರ ಮತ್ತ ಹೋಗ್ತೈತೇನೋ ಅಂತ ಅಂಜಿಕಿ. ಅಕ್ಕನೂ ಎಂಟನೆ ಕ್ಲಾಸಿನ್ಯಾಗ ಹೋಗಿದ್ಳು. ದೀಪಾವಳಿ ಆದಮ್ಯಾಲ ಸಾಲಿಗೆ ಬಂದ್ಳು. ನಾಕ ದಿನ ಬಂದ್ಳು. ಪಾಠ ತಿಳೀಲಿಲ್ಲ, ಎಲ್ಲಾರೂ ನಕ್ಕರು, ಬಿಟ್ಳು. ಆಕಿಗೂ ನೀನು ಒಂದ ವರ್ಷ ಅಂದಿದ್ದಿ. ನನಗ ಸಾಲಿ ಬಿಡಾಕ ಮನಸ್ಸಿಲ್ಲ. ಇಷ್ಟ ನನ್ನ ಮಾತು.”

ಈಗ ಹೇಳಬೇಕಾದವನು ಭೀಮಣ್ಣ. ಟವೆಲನ್ನು ಹಿಂಡಿದ, ಬಿಟ್ಟ, ಮತ್ತೆ ಹಿಂಡಿದ.

“ಆಕಿ ಏನಂತಾಳಂದ್ರ...”

“ಹಂಗಲ್ರಿ. ನಾನು ಅನ್ರಿ,” ಎಂದಳು ಟೀಚರ್.

“ನಾನು...” ಪೊದೆ ಮೀಸೆಯ ಆ ಗಂಡಸು ನಲವತ್ತು ಜನರ ಮುಂದೆ ನಿಂತು, “ನಾನು ಉಮಾಶ್ರೀ,” ಎಂದ. ಜನ ನಕ್ಕರು. ಅವನಿಗೆ ಕೇಳಿಸಲಿಲ್ಲ. “ಎಂಟನೆ ಕ್ಲಾಸ್. ನನಗ ಮೊದಲು ಮಾತು ಬರ್ತಿದ್ದಿಲ್ಲ. ಈಗ ಬಂದೈತಿ. ಹೊಲಕ್ಕ ಹ್ವಾದ್ರ ಮತ್ತ ಹೋಗ್ತೈತಂತ ಅಂಜಿಕಿ. ನನಗ ಸಾಲಿ ಬಿಡಾಕ ಮನಸ್ಸಿಲ್ಲ.” ನಿಲ್ಲಿಸಿ ಮಗಳ ಮುಖ ನೋಡಿದ. “ಬಂತಲ್ಲವ್ವ?”

ಉಮಾಶ್ರೀ ಇಲ್ಲವೆಂದು ತಲೆಯಾಡಿಸಿದಳು. “ಒಂದು ಬಿಟ್ಟಿ.”

ಯಾವುದು ಬಿಟ್ಟದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಪಾಠ ತಿಳಿಯಂಗಿಲ್ಲ, ಹಿಂದ ಬೀಳ್ತೀನಿ,” ಎಂದು ಸೇರಿಸಿದ. ಅವಳು ಮತ್ತೆ ತಲೆಯಾಡಿಸಿದಳು. ಹಟವಿರಲಿಲ್ಲ ಅದರಲ್ಲಿ, ಆಟದ ನಿಯಮವಷ್ಟೆ. ಜಗಲಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಅಲ್ಲಿ ಕೂತ ಎಷ್ಟೋ ಜನರ ಮನೆಯಲ್ಲಿ ಒಂದೊಂದು ‘ಒಂದೇ ವರ್ಷ’ ಇತ್ತು.

ಭೀಮಣ್ಣ ಕಂಬ ಹಿಡಿದುಕೊಂಡ.

“ನಮ್ಮಪ್ಪ,” ಎಂದ. ಕೆಮ್ಮಿ ಮತ್ತೆ ಹೇಳಿದ. “ನಮ್ಮಪ್ಪ ನಮ್ಮಕ್ಕ ತ್ರಿವೇಣಿಗೂ ಒಂದ ವರ್ಷ ಅಂದಿದ್ದ. ಆಕಿ ನಾಕ ದಿನ ಸಾಲಿಗೆ ಬಂದು ಬಿಟ್ಳು. ಯಾಕ ಬಿಟ್ಟಿ ಅಂತ ಆತ ಕೇಳ್ಲಿಲ್ಲ.”

ಕೊನೆಯ ಸಾಲು ಮಗಳು ಹೇಳಿದ್ದಲ್ಲ. ಅದು ಅವಳ ಗಂಟಲಲ್ಲಿತ್ತೋ ಇವನ ಗಂಟಲಲ್ಲಿತ್ತೋ, ಬಂತು.

“ಹೌದಪ್ಪ,” ಎಂದಳು ಉಮಾಶ್ರೀ. “ಇದ ನನ್ನ ಮಾತು.” ಹೇಳಿ, ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನು ಬಿಟ್ಟಳು. ಶಿರಿಷಾ ಎದ್ದು ಬಂದು ಅವಳ ಕೈ ಹಿಡಿದು ಕೂರಿಸಿದಳು.

ಆಮೇಲೆ ನಡೆದದ್ದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಭೀಮಣ್ಣ ಇನ್ನೂ ನಿಂತೇ ಇದ್ದ, ವಿಚಿತ್ರವೆಂದರೆ ಈಗ ಅವನಿಗೆ ಮಾತು ಸಿಗುತ್ತಿತ್ತು. ಹುಡುಗಿ ಸೋಮವಾರ ಶಾಲೆಗೆ ಬರುತ್ತಾಳೆ, ಸೂಟಿಯಲ್ಲೂ ಹೊಲಕ್ಕೆ ಬರುವುದಿಲ್ಲ, ಎಂದ. ತನ್ನ ಕೈಲಾದಷ್ಟು ಸಾಲು ತಾನು ಮಾಡುತ್ತೇನೆ, ಉಳಿದದ್ದು ಬೀಜಕ್ಕಲ್ಲದೆ ಬರೀ ಹತ್ತಿಯಾಗಿ ಹೋಗಲಿ, ಆರ್ಗನೈಸರಿಗೆ ತಾನೇ ಹೋಗಿ ಹೇಳುತ್ತೇನೆ, ಎಂದ.

ಕಾಳಪ್ಪ ತಲೆ ಕೆರೆದುಕೊಂಡ. ಅವನೂ ಕೇಳಿಸಿಕೊಂಡಿದ್ದನಲ್ಲ, ಮೂರು ಓಣಿ ತಿರುಗಿದ್ದು, ಕಾಯಿ ಕಾಲಿಗೆ ಒಗೆದದ್ದು. “ನಮ್ಮ ಓಣಿಗೂ ಬಂದಿದ್ದಿ, ನನ್ನ ಬಾಗಲಾ ಬಡೀಲಿಲ್ಲ ನೋಡು,” ಎಂದು ಬೈದ. “ನನ್ನ ಹೊಲದಾಗ ಸೀಡ್ ಇಲ್ಲ, ನಮ್ಮ ಸೊಸಿ ಮಧ್ಯಾಹ್ನದ ಮ್ಯಾಲ ಖಾಲಿ ಇರ್ತಾಳ. ಮುಯ್ಯಿಗೆ ಬರ್ತಾಳ, ಕೂಲಿ ಬ್ಯಾಡ. ಮುಂದ ನನ್ನ ಜ್ವಾಳದ ಬಿತ್ತಿಗಿಗೆ ನಿನ್ನ ಎತ್ತು ಕಳಸು, ಸಾಕು.” ಹಿಂದೆ ಕೂತಿದ್ದ ಎಂಕಮ್ಮ ತಾನೂ ನಾಲ್ಕು ದಿನ ಬರುತ್ತೇನೆಂದಳು. ಎಕರೆಯೆಲ್ಲ ಇದರಿಂದ ಆಗುವುದಿಲ್ಲ, ಅರ್ಧ ಆದೀತು. ಹೆಡ್‌ಮಾಸ್ಟರು ಎದ್ದು ನಿಂತು ಏನೋ ಹೇಳಹೋದರು, ಕಾಗದ ಜೇಬಿನಲ್ಲಿತ್ತು, ಸುಮ್ಮನೆ ಭೀಮಣ್ಣನಿಗೆ ಕೈ ಮುಗಿದರು. ಇನ್ನಿಬ್ಬರು ಅಪ್ಪಂದಿರು ಯಾರ ಕಡೆಗೂ ನೋಡದೆ, ತಮ್ಮ ಮಕ್ಕಳ ವಿಷಯ ಮುಂದಿನ ವಾರ ಮಾತಾಡೋಣ ಎಂದು ಟೀಚರಿಗೆ ಹೇಳಿ ಹೋದರು.

ಹೊರಡುವಾಗ ಭೀಮಣ್ಣ ರಜಿತಾ ಟೀಚರ್ ಹತ್ತಿರ ನಿಂತ. “ನೀವು ಎದುರುವಾದ ಕಲಸಾಕತ್ತೀರಂತ ಬೈತಿದ್ದೆರಿ ನಾನು,” ಎಂದ.

“ಗೊತ್ತೈತ್ರಿ,” ಅವಳು ನಕ್ಕಳು. “ಉಮಾಶ್ರೀ ಹೇಳ್ಯಾಳ. ನಿಮ್ಮ ದನಿಯೊಳಗ.”

ಗೇಟಿನಾಚೆ ಬೇವಿನ ಗಿಡದ ಕೆಳಗೆ ಬಂದು ಅವನು ಫೋನ್ ತೆಗೆದ. ಮಗಳು ಗೆಳತಿಯರ ಜೊತೆ ಮುಂದೆ ಹೋಗಿಯಾಗಿತ್ತು. ಮಖ್ತಲ್‌ಗೆ ಅವನು ಫೋನ್ ಮಾಡುವುದೆಂದರೆ ಹಬ್ಬಕ್ಕೆ ಕರೆಯಲು, ಇಲ್ಲವೆ ಯಾರಾದರೂ ತೀರಿಕೊಂಡರೆ. ಎರಡೇ ಮಾತು, ಇಟ್ಟುಬಿಡುವುದು. ಹೀಗಾಗಿ ತ್ರಿವೇಣಿ ಎತ್ತಿದವಳೇ ಗಾಬರಿಯಾಗಿ, “ಅಪ್ಪ, ಅವ್ವಗೇನಾತು?” ಅಂದಳು. ಹಿಂದೆ ಅವಳ ಕೂಸು ಅಳುತ್ತಿತ್ತು.

“ಏನೂ ಆಗಿಲ್ಲವ್ವ. ಎಲ್ಲಾರೂ ಆರಾಮ ಅದಾರ.”

“ಮತ್ತ್ಯಾಕ ಫೋನ್ ಮಾಡೀದಿ?”

ಬಸ್ಸು ಬಂದು ಶಾಲೆಯ ಮುಂದೆ ನಿಂತು ಹೋಯಿತು. ಅದರ ಸದ್ದು ಮುಗಿಯುವತನಕ ಅವನು ಕಾದ.

“ನೀನು ಎಂಟನೆ ಕ್ಲಾಸಿನ್ಯಾಗ ಸಾಲಿ ಬಿಟ್ಟಿಯಲ್ಲ,” ಎಂದ. “ಅವತ್ತು ನಿನಗೇನ್ ಅನ್ನಿಸಿತ್ತು, ನಾ ಕೇಳಿದ್ದಿಲ್ಲ. ಈಗ ಹೇಳವ್ವ.”

ಫೋನ್ ಕಟ್ಟಾಯಿತೇನೋ ಎಂದು ಅವನು ಕಿವಿಯಿಂದ ತೆಗೆದು ನೋಡಿದ. ಕಟ್ಟಾಗಿರಲಿಲ್ಲ. ಕೂಸಿನ ಅಳು, ಪಾತ್ರೆಯ ಸದ್ದು, ಆಮೇಲೆ ಮೂಗು ಎಳೆದುಕೊಂಡ ಸದ್ದು.

“ಅಪ್ಪ,” ಎಂದಳು ತ್ರಿವೇಣಿ. “ಕೂಸನ್ನ ಮಲಗಿಸಿ ಬರ್ತೀನಿ. ಭಾಳ ಐತಿ ಹೇಳೋದು. ಫೋನ್ ಇಡಬ್ಯಾಡ.”

“ಇಡಂಗಿಲ್ಲ,” ಎಂದು ಭೀಮಣ್ಣ ಬೇವಿನ ಗಿಡದ ಬುಡದಲ್ಲಿ ಕೂತ.